ಸಂಪಿನ ಮಣ್ಣಲ್ಲೇ ಗೋಡೆ

ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಮನೆ ಕೆಲಸ ಶುರುವಾದರೆ, ನೀರಿನ ಸಂಪಿಗಾಗಿ ಅಗೆದ ಕೆಮ್ಮಣ್ಣನ್ನು ದುಡ್ಡು ಕೊಟ್ಟು ಹೊರಗೆ ಸಾಗಿಸುತ್ತಾರೆ. ಆಮೇಲೆ ದುಡ್ಡು ಕೊಟ್ಟೇ ಸುಟ್ಟ ಇಟ್ಟಿಗೆ ತರಿಸುತ್ತಾರೆ. ಅದೇ ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ, ಪ್ರೆಸ್ಸಿನಲ್ಲಿ ಒತ್ತಿ, ಸುಡದೆ ಮಾಡುವ ಮಡ್ ಬ್ಲಾಕ್ ಈ ಎರಡೂ ಓಡಾಟ ತಪ್ಪಿಸುತ್ತದೆ. ಅದು ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಆದರೂ ಕೆಲವು ಕಡೆ ಗೋಡೆ ಉದುರುತ್ತದೆ. ಬೈಗುಳ ಮಣ್ಣಿಗೆ, ತಪ್ಪು ಬಹುಪಾಲು ಕಲಸುವವರದು.

ಮೇಲಿನ ಒಂದಡಿ ಮಣ್ಣು ಬೇಡ, ಅದರಲ್ಲಿ ಬೇರು, ಕಸ ಇರುತ್ತದೆ. ಅದರ ಕೆಳಗಿನದನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿಸಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಮರಳು ತಳಕ್ಕೆ, ಜೇಡಿ ಮೇಲಕ್ಕೆ ಪದರವಾಗಿ ನಿಲ್ಲುತ್ತದೆ. ಇದು ಅಂದಾಜು ಮಾತ್ರ. ಆದರೆ ಏನೂ ನೋಡದೆ ಕಲಸುವುದಕ್ಕಿಂತ ಎಷ್ಟೋ ಮೇಲು. ಬ್ಲಾಕಿಗೆ ಜೇಡಿ 10ರಿಂದ 15% ಇದ್ದರೆ ಸಾಕು. ನಿಮ್ಮ ಮಣ್ಣಿನಲ್ಲಿ 30% ಇದ್ದರೆ ತೂಕದಲ್ಲಿ ಸರಿಸಮ ಮರಳನ್ನೋ ಕ್ರಷರ್ ಪುಡಿಯನ್ನೋ ಬೆರೆಸಬೇಕು. ಇಲ್ಲದಿದ್ದರೆ ಒಣಗುವಾಗ ಬಿರುಕು ಖಚಿತ. ಕಪ್ಪು ಎರೆಮಣ್ಣಿಗೆ ಈ ಲೆಕ್ಕ ನಡೆಯದು.

ಸಿಮೆಂಟ್ ತೂಕದಲ್ಲಿ 7% ಸಾಕು. 230×190×100 ಮಿ.ಮೀ. ಬ್ಲಾಕ್ ಒಣಗಿದಾಗ ಸುಮಾರು 8 ಕೆಜಿ ತೂಗುತ್ತದೆ; ಒಂದು ಮೂಟೆ ಸಿಮೆಂಟಿಗೆ 90ರಿಂದ 95 ಬ್ಲಾಕ್ ಬರುತ್ತವೆ. ಭಯಕ್ಕೆ 12% ಹಾಕುವವರಿದ್ದಾರೆ. ಸುಡದೆ ಉಳಿಸಿದ ಇಂಧನವನ್ನು ಸಿಮೆಂಟಿನಲ್ಲಿ ಸುರಿದಂತೆ ಅದು. ಇನ್ನು 200 ಚದರ ಮೀಟರ್ ಗೋಡೆಗೆ ಬೇಕಾಗುವುದು 7,400ರಷ್ಟು ಬ್ಲಾಕ್. ಅರ್ಧ ಮರಳು ಸೇರಿದರೆ 8×10 ಅಡಿ ಅಗಲ-ಉದ್ದ, 8 ಅಡಿ ಆಳದ ಸಂಪಿನ ಮಣ್ಣಿಗೆ ಪಾಯದ ಮಣ್ಣೂ ಕೂಡಿ ಸಾಲುತ್ತದೆ.

ನೀರಿನ ಹದಕ್ಕೆ ಮೀಟರು ಬೇಡ. ಮಿಶ್ರಣವನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ನೆಲಕ್ಕೆ ಬಿಡಿ. ನಾಲ್ಕೈದು ಹೋಳಾದರೆ ಹದ ಸರಿ. ಪುಡಿಯಾದರೆ ನೀರು ಕಮ್ಮಿ, ಚಪ್ಪಟೆಯಾಗಿ ಅಂಟಿಕೊಂಡರೆ ಜಾಸ್ತಿ. ನೀರು ಬಿದ್ದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಯಬೇಕು. ಬೆಳಿಗ್ಗೆ ದೊಡ್ಡ ರಾಶಿ ಕಲಸಿಟ್ಟು ಮಧ್ಯಾಹ್ನದವರೆಗೂ ಒತ್ತುವುದು ಸಾಮಾನ್ಯ ಎಡವಟ್ಟು. ಅಷ್ಟರಲ್ಲಿ ಸಿಮೆಂಟ್ ಸತ್ತಿರುತ್ತದೆ. ಪ್ರೆಸ್ಸಿನ ಅಚ್ಚಿಗೆ ಪ್ರತಿ ಸಲವೂ ತೂಗಿಯೇ ಹಾಕಿ. ಬುಟ್ಟಿ ಲೆಕ್ಕ ಹಿಡಿದರೆ ಒಂದು ಗಟ್ಟಿ, ಒಂದು ಟೊಳ್ಳು.

ಆಮೇಲೆ 21 ದಿನ ಗೋಣಿ ಹೊದಿಸಿ ನೀರು ಚಿಮುಕಿಸಬೇಕು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಮೊದಲು ತಪ್ಪುವುದು ಇದೇ. ಗಟ್ಟಿತನ ನೋಡಲು ಒಂದು ಬ್ಲಾಕನ್ನು ಎರಡು ದಿನ ನೀರಲ್ಲಿ ಮುಳುಗಿಸಿಟ್ಟು, ಒದ್ದೆಯಲ್ಲೇ ಲ್ಯಾಬಿನಲ್ಲಿ ಒತ್ತಿಸಿ ನೋಡಿ. ಒಣ ಬ್ಲಾಕಿನ ಅಂಕಿ ನಂಬಬೇಡಿ.

ಕಟ್ಟುವ ಗಾರೆ ಸಿಮೆಂಟ್, ಮಣ್ಣು, ಮರಳು 1:1:6. ತಳಕ್ಕೆ ಒಂದೂವರೆ ಅಡಿ ಕಲ್ಲು, ಮೇಲೆ ಎರಡಡಿ ಸಜ್ಜಾ. ಪ್ಯಾರಾಪೆಟ್ಟಿಗೂ ಬಚ್ಚಲಿಗೂ ಬೇರೆ ಇಟ್ಟಿಗೆ ಬಳಸಿ. ವೈರಿನ ಪೈಪು ಎಲ್ಲೆಲ್ಲಿ ಹೋಗಬೇಕೆಂದು ಗೋಡೆ ಏಳುವ ಮೊದಲೇ ಗುರುತು ಹಾಕಿಡಿ. ಪ್ಲಾಸ್ಟರ್ ಇಲ್ಲದ ಗೋಡೆಯನ್ನು ಎಲೆಕ್ಟ್ರಿಷಿಯನ್ ಕೊರೆದರೆ ಆ ಗಾಯ ಮುಚ್ಚಲು ಯಾವ ಮೇಸ್ತ್ರಿಗೂ ಆಗದು.