ಕೂಲಿ ಏರಿದರೆ ಮಿಲ್ಲು ಮುಚ್ಚುವುದಿಲ್ಲವೇ?

ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು ನಾನು. ಹಾಗಾಗಿ ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ ಪಕ್ಕದ ಎಲೆಯವರು ಕೇಳಿಯೇ ಕೇಳುತ್ತಾರೆ: ‘ಸರ್ಕಾರ ಹೀಗೆ ಕನಿಷ್ಠ ವೇತನ ಏರಿಸುತ್ತ ಹೋದರೆ ನಮ್ಮ ಕಡೆ ಧಂದೆಗಳು ಉಳಿಯುತ್ತವೆಯೇ?’

ದರ ಏರಿದ್ದನ್ನು ನಾನು ಕಾಗದದಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಬಟವಾಡೆಯ ದಿನ ಕಂಡದ್ದು ಕಡಿಮೆ. ನಮ್ಮಲ್ಲಿ ಎರಡು ಪುಸ್ತಕಗಳಿದ್ದವು. ಒಂದರಲ್ಲಿ ತುಟ್ಟಿಭತ್ಯೆ ಸಮೇತ ಸರ್ಕಾರದ ದರ, ಪೈಸೆಗೆ ಪೈಸೆ ಸರಿ, ಎದುರಿಗೆ ಹೆಬ್ಬೆಟ್ಟು. ಇನ್ನೊಂದರಲ್ಲಿ ನಿಜವಾಗಿ ಕೈಗೆ ಹೋದ ಹಣ. ಎರಡನ್ನೂ ಬರೆದದ್ದು ಈ ಕೈಯೇ. ಕೊಡದೇ ಇದ್ದ ಕೂಲಿಯ ಭಾರಕ್ಕೆ ಮಿಲ್ಲು ಕುಸಿಯುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ.

ಹೆದರಿಕೆ ಇರಲಿಲ್ಲವೇ ಎಂದರೆ, ಯಾತಕ್ಕೆ ಹೆದರಬೇಕಿತ್ತು? 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು ಎಂದಿತ್ತು ನಿಜ, ಆದರೆ ದಂಡ ಕೊನೆಯವರೆಗೂ ಗರಿಷ್ಠ 500 ರೂಪಾಯಿ. ಐದು ವರ್ಷಕ್ಕೊಮ್ಮೆಯಾದರೂ ಕೂಲಿ ಪರಿಷ್ಕರಿಸಿ ಎಂದ ಕಾನೂನು ತನ್ನ ದಂಡವನ್ನು ಪರಿಷ್ಕರಿಸಿಕೊಳ್ಳುವುದನ್ನು ಮರೆತಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆ ಅದನ್ನು 50,000ಕ್ಕೆ ಏರಿಸಿದೆ. ಜೊತೆಗೇ ಇನ್ಸ್‌ಪೆಕ್ಟರನಿಗೆ ‘ಸುಗಮಕಾರ’ ಎಂಬ ಬಾಲವನ್ನೂ ಅಂಟಿಸಿದೆ: ಮೊಕದ್ದಮೆಗೆ ಮುನ್ನ ಆತ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಒಂದು ಕೈಯಲ್ಲಿ ಬಡಿಗೆ, ಇನ್ನೊಂದರಲ್ಲಿ ಕುಂಕುಮ.

‘ಬೇರೆ ಕಡೆ ಹೋಗುತ್ತೇವೆ’ ಎಂಬುದು ಉದ್ಯಮಿಗಳ ಹಳೆಯ ಮಾತು. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಎಲ್ಲಿಗೆ ಹೋಗುತ್ತವೆ? ಸುಣ್ಣದಕಲ್ಲು ಇರುವುದು ಇಲ್ಲಿ. ಬೇಳೆ ಮಿಲ್ಲಿನವರ ಮಾತು ಬೇರೆ, ಅವರ ಅಳಲನ್ನು ನಾನು ಸುಳ್ಳೆನ್ನುವುದಿಲ್ಲ. ತೊಗರಿ ಲಾರಿ ಹತ್ತಿ ಲಾತೂರಿಗೂ ಹೋಗುತ್ತದೆ. ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಹಡಗಿನಲ್ಲಿ ತೊಗರಿ ಬಂದಿಳಿದಾಗ ಇಲ್ಲಿಯ ಧಾರಣೆ ಅಲುಗಾಡುತ್ತದೆ. ಆದರೆ ಆ ಹಡಗನ್ನು ತಡೆಯಲಾಗದವರು ಹಮಾಲನ ಕೂಲಿಯಲ್ಲಿ ಉಳಿತಾಯ ಹುಡುಕುತ್ತಾರೆ, ಅದು ಕೈಗೆ ಎಟಕುವಷ್ಟು ಹತ್ತಿರವಿದೆ ಎಂಬ ಕಾರಣಕ್ಕೆ. ಅಷ್ಟಕ್ಕೂ ಊರು ಬಿಡುವುದು ಬಂಡವಾಳವಲ್ಲ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವವನು ಕೂಲಿಕಾರ.

ಹಾಗಾದರೆ ಸರ್ಕಾರ ಕೂಲಿಕಾರನ ಕಡೆಗಿದೆಯೇ? ಪೂರ್ತಿಯಾಗಿ ಅಲ್ಲ, ಏಕೆಂದರೆ ಸರ್ಕಾರವೂ ಒಬ್ಬ ಮಾಲೀಕ. ಉದ್ಯೋಗ ಖಾತರಿಯ ಕೂಲಿಯನ್ನು ಕನಿಷ್ಠ ವೇತನ ಕಾಯ್ದೆಗೆ ಕಟ್ಟುಬೀಳದೆ ನಿಗದಿಪಡಿಸುವ ಅಧಿಕಾರವನ್ನು ಕೇಂದ್ರ ತಾನೇ ಇಟ್ಟುಕೊಂಡಿತ್ತು. ಅದು ಕನಿಷ್ಠ ವೇತನಕ್ಕಿಂತ ಕಡಿಮೆಯಾಗಕೂಡದು ಎಂದು ನಮ್ಮ ಹೈಕೋರ್ಟ್ 2011ರಲ್ಲಿ ಹೇಳಿತು. ಆದರೂ 2025–26ರಲ್ಲಿ ಕರ್ನಾಟಕದ ದರ 370 ರೂಪಾಯಿ, ರಾಜ್ಯವೇ ಕೃಷಿ ಕೆಲಸಕ್ಕೆ ಗೊತ್ತುಪಡಿಸಿದ್ದಕ್ಕಿಂತ ಕಡಿಮೆ. ಕೆರೆ ಹೂಳೆತ್ತಿಸಿ ತಾನೇ ಕಡಿಮೆ ಕೊಡುವವನು ಮಿಲ್ಲಿನ ಬಾಗಿಲಿಗೆ ಬಂದು ಗದರಿದರೆ ನಮ್ಮ ಮಾಲೀಕರು ಚಹಾ ತರಿಸುತ್ತಿದ್ದರು, ಅಷ್ಟೇ.

ಕನಿಷ್ಠ ಕೂಲಿಯನ್ನೂ ಕೊಡಲಾಗದ ಉದ್ದಿಮೆಗೆ ಬದುಕುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 1957ರಷ್ಟು ಹಿಂದೆಯೇ ಹೇಳಿದೆ. ಪಂಕ್ತಿಯಲ್ಲಿ ಇದನ್ನು ಹೇಳಿದರೆ ಪಕ್ಕದವರು ಸಾರು ಹಾಕಿಸಿಕೊಳ್ಳಲು ಆಚೆ ತಿರುಗುತ್ತಾರೆ.

ಈಚೆಗೆ ಇದೇ ಪ್ರಶ್ನೆಯನ್ನು ಗಂಜ್‌ನಲ್ಲಿ ಒಬ್ಬ ಹಮಾಲನೇ ಕೇಳಿದ, ತನ್ನ ಮಾಲೀಕನ ಮಾತನ್ನು ಅಕ್ಷರಶಃ ಒಪ್ಪಿಸುತ್ತ. ಮೂಟೆಯ ಲೆಕ್ಕದಲ್ಲಿ ದುಡಿಯುವವನಿಗೂ ಕನಿಷ್ಠ ವೇತನ ಅನ್ವಯಿಸುತ್ತದೆ ಎಂದರೆ ಅವನು ನಂಬಲಿಲ್ಲ. ಕೊಡದೆ ಉಳಿಸಿಕೊಂಡದ್ದನ್ನು ಕೇಳಲು ಮೊದಲು ಆರು ತಿಂಗಳ ಗಡುವಿತ್ತು, ಹೊಸ ಸಂಹಿತೆಯಲ್ಲಿ ಮೂರು ವರ್ಷ ಎಂದೆ. ಮೂಟೆ ಎಣಿಸಿ ಕೊಡುವ ಚೀಟಿಗಳನ್ನು ಏನು ಮಾಡುತ್ತೀಯ ಎಂದು ಕೇಳಿದೆ. ಬೀಡಿ ಹಚ್ಚುತ್ತೇನೆ ಎಂದ. ಇನ್ನು ಮೇಲೆ ಬೆಂಕಿಪೊಟ್ಟಣ ಬಳಸು ಎಂದೆ.