ಕೇಪೆಯಿಂದ ನೇತ್ರಾವಳಿಗೆ: ವಾಹನಗಳಿಲ್ಲದ ಕಾಡುದಾರಿಯಲ್ಲಿ ಎರಡು ದಿನಗಳ ಸೈಕಲ್ ಪ್ರವಾಸ

ಗೋವಾದಲ್ಲಿ ಸೈಕಲ್ ಪ್ರವಾಸ ಮಾಡಬೇಕೆಂದು ಬರುವ ನಮ್ಮ ಊರುಗಳ ಕಡೆಯವರು ಹೆಚ್ಚಾಗಿ ಕಡಲತೀರದ ದಾರಿಯನ್ನೇ ಹಿಡಿಯುತ್ತಾರೆ, ಮೊದಲ ದಿನವೇ ಬಾಡಿಗೆ ಕಾರುಗಳ ಮತ್ತು ಬಸ್ಸುಗಳ ನಡುವೆ ಸಿಕ್ಕಿ ಬೇಸರಪಡುತ್ತಾರೆ. ಮಡಗಾಂವ್‌ನಲ್ಲಿ ನೆಲೆಸಿ ಹನ್ನೊಂದು ವರ್ಷಗಳಾಗಿರುವ ನನಗೆ, ಸೈಕಲ್ ಸವಾರನಿಗೆ ನಿಜವಾದ ಗೋವಾ ಇರುವುದು ಪೂರ್ವದ ಸಹ್ಯಾದ್ರಿಯ ಮಗ್ಗುಲಲ್ಲಿ, ಸಾಂಗೆ ತಾಲ್ಲೂಕಿನ ನೇತ್ರಾವಳಿಯ ಸುತ್ತ ಎಂಬುದು ಖಚಿತವಾಗಿದೆ. ಅಲ್ಲಿ ಸೈಕಲ್ಲಿಗೆಂದೇ ಮಾಡಿದ ಪ್ರತ್ಯೇಕ ಹಾದಿಯೇನೂ ಇಲ್ಲ. ಊರೂರಿಗೆ ಹೋಗುವ ಸಾಮಾನ್ಯ ಡಾಂಬರು ರಸ್ತೆಯೇ, ಸರಿಯಾದ ದಿನ ಮತ್ತು ಸರಿಯಾದ ಹೊತ್ತನ್ನು ಆರಿಸಿಕೊಂಡವನಿಗೆ, ಗಂಟೆಗಟ್ಟಲೆ ಒಂದು ವಾಹನವೂ ಎದುರಾಗದ ದಾರಿಯಾಗುತ್ತದೆ. ಕಳೆದ ಡಿಸೆಂಬರಿನಲ್ಲಿ ಧಾರವಾಡದ ಹಿರಿಯ ಗೆಳೆಯರೊಬ್ಬರ ಜೊತೆ ಐದನೆಯ ಬಾರಿ ಹೋಗಿಬಂದ ಮೇಲೆ, ಹೋಗಬಯಸುವವರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇದನ್ನು ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಮಡಗಾಂವ್‌ನಿಂದ ನೇತ್ರಾವಳಿಗೆ ಸುಮಾರು 45 ಕಿ.ಮೀ. ಮಾತ್ರ ಇರುವುದರಿಂದ ಬೆಳಿಗ್ಗೆ ಹೊರಟು ಸಂಜೆ ಮರಳಬಹುದೆಂದು ಲೆಕ್ಕ ಹಾಕುವುದು ಸುಲಭ. ನಾನೂ ಮೊದಲ ಸಲ ಹಾಗೆಯೇ ಮಾಡಿ, ಹಿಂದಿರುಗುವಾಗ ಮಧ್ಯಾಹ್ನದ ಬಿಸಿಲು, ತಗ್ಗುದಿಣ್ಣೆ ಮತ್ತು ಸಂಜೆಯ ವಾಹನಸಂಚಾರ ಈ ಮೂರನ್ನೂ ಒಟ್ಟಿಗೆ ಅನುಭವಿಸಿದೆ. ನೇತ್ರಾವಳಿಯಲ್ಲಿ ಒಂದು ರಾತ್ರಿ ಉಳಿದರೆ ದಾರಿಯ ಸ್ವರೂಪವೇ ಬದಲಾಗುತ್ತದೆ, ಏಕೆಂದರೆ ಎರಡೂ ದಿನ ಸೂರ್ಯೋದಯದಿಂದ ಹನ್ನೊಂದು ಗಂಟೆಯವರೆಗಿನ ತಂಪಾದ, ನಿಶ್ಶಬ್ದವಾದ ಹೊತ್ತು ನಿಮ್ಮದಾಗುತ್ತದೆ. ಊರಿನಲ್ಲಿ ತೋಟದ ಮನೆಗಳವರು ವಸತಿ ಕೊಡುತ್ತಾರೆ. ಮೊದಲೇ ಹೇಳಿಟ್ಟರೆ ರಾತ್ರಿಯ ಊಟವೂ ಸಿಗುತ್ತದೆ. ಶನಿವಾರ ಮತ್ತು ಭಾನುವಾರ ಜಲಪಾತ ನೋಡಲು ಬರುವವರ ವಾಹನಗಳು ಹೆಚ್ಚುವುದರಿಂದ ವಾರದ ನಡುವಿನ ದಿನಗಳೇ ಉತ್ತಮ.

ನಾವು ಮಂಗಳವಾರ ಬೆಳಿಗ್ಗೆ ಐದೂವರೆಗೆ ದೀಪ ಹಚ್ಚಿಕೊಂಡು ಹೊರಟು, ಚಾಂದೋರದ ಒಳದಾರಿಯಿಂದ ಕೇಪೆ ತಲುಪಿದೆವು. ಈ ಚಾಂದೋರವೇ ಗೋವೆಯ ಕದಂಬರ ಹಳೆಯ ರಾಜಧಾನಿಯಾದ ಚಂದ್ರಪುರ. ಆ ಹೊತ್ತಿನಲ್ಲಿ ದಾರಿಯಲ್ಲಿ ನಮಗೆ ಸಿಕ್ಕ ಸಹಸವಾರರೆಂದರೆ, ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರ್ನ್ ಒತ್ತುತ್ತಾ ಮನೆಮನೆಗೆ ಬ್ರೆಡ್ ಮಾರುವ ಪೊದೇರ್‌ಗಳು. ಅವರಿಂದ ಬಿಸಿಯಾದ ಪೊಯಿಗಳನ್ನು ಕೊಂಡು ಚೀಲದಲ್ಲಿ ಇಟ್ಟುಕೊಳ್ಳಿ. ತವುಡಿರುವ ಗೋಧಿಯ ಈ ಬ್ರೆಡ್ ಮಧ್ಯಾಹ್ನದವರೆಗೂ ಹಸಿವು ತಡೆಯುತ್ತದೆ, ಮತ್ತು ಕೇಪೆ ದಾಟಿದ ಮೇಲೆ ತಿಂಡಿಯ ಅಂಗಡಿಗಳು ವಿರಳ.

ಕೇಪೆಯಿಂದ ರಿವಣದವರೆಗಿನ ಭಾಗದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಇದು ಕಬ್ಬಿಣದ ಅದಿರಿನ ಸೀಮೆ. 2012ರಲ್ಲಿ ಗಣಿಗಾರಿಕೆ ನಿಲ್ಲುವ ಮೊದಲು ಈ ಭಾಗದ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲೇ ಇರುತ್ತಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದುಪಡಿಸಿತು. ಆದರೂ ಅದಿರಿನ ಸಾಗಾಟ ಆಗಾಗ ನಡೆಯಬಹುದಾದ್ದರಿಂದ, ಕೇಪೆಯಲ್ಲಿ ಚಹಾ ಕುಡಿಯುವಾಗಲೇ ಲಾರಿಗಳು ಓಡುತ್ತಿವೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ರಿವಣ ದಾಟಿದ ಮೇಲೆ ರಸ್ತೆ ಕಿರಿದಾಗಿ, ಎರಡೂ ಬದಿಗೆ ಅಡಿಕೆ, ತೆಂಗು, ಮೆಣಸಿನ ಬಳ್ಳಿ ಒಟ್ಟಿಗೆ ಬೆಳೆದ ಕುಳಾಗರಗಳು ಆರಂಭವಾಗುತ್ತವೆ. ನಮ್ಮ ಶಿರಸಿ, ಯಲ್ಲಾಪುರದ ತೋಟಗಳನ್ನು ಬಲ್ಲವರಿಗೆ ಈ ನೆರಳೂ ಈ ತೇವದ ವಾಸನೆಯೂ ಹೊಸದೆನಿಸುವುದಿಲ್ಲ.

ಇಲ್ಲಿಂದ ಮುಂದೆ ಉಸಗಾಳಿಮಳದ ಶಿಲಾಚಿತ್ರಗಳನ್ನು ನೋಡದೆ ಹೋಗಬಾರದು. ಮುಖ್ಯರಸ್ತೆಯಿಂದ ತಿರುಗಿ ಸ್ವಲ್ಪ ದೂರ ಕೆಂಪು ಮಣ್ಣಿನ ಹಾದಿಯಲ್ಲಿ ಇಳಿದರೆ, ಕುಶಾವತಿ ನದಿಯ ದಂಡೆಯ ಮೇಲೆ ಜಂಬಿಟ್ಟಿಗೆಯ ವಿಶಾಲವಾದ ಹಾಸುಬಂಡೆಯಿದೆ. ಅದರ ಮೇಲೆ ಇತಿಹಾಸಪೂರ್ವ ಕಾಲದ ಜನ ಗೂಳಿ, ಜಿಂಕೆ ಮತ್ತು ಮನುಷ್ಯರ ಆಕೃತಿಗಳನ್ನು ಕೊರೆದಿದ್ದಾರೆ. ಸುರುಳಿಸುರುಳಿಯಾಗಿ ಒಳಹೋಗುವ ಚಕ್ರವ್ಯೂಹದಂತಹ ಒಂದು ದೊಡ್ಡ ವೃತ್ತವೂ ಇದೆ. ಬಿಸಿಲು ನೆತ್ತಿಗೆ ಬಂದ ಮೇಲೆ ಗೆರೆಗಳು ಕಾಣಿಸುವುದೇ ಇಲ್ಲ. ನಾವು ಎಂಟು ಗಂಟೆಗೆ ತಲುಪಿದ್ದರಿಂದ ಓರೆಬಿಸಿಲು ಪ್ರತಿ ಗೀರಿನಲ್ಲೂ ನೆರಳು ಮೂಡಿಸಿತ್ತು, ಮತ್ತು ಗೂಳಿಯ ಕೋಡಿನ ಬಾಗು ಹತ್ತು ಹೆಜ್ಜೆ ದೂರದಿಂದಲೇ ಸ್ಪಷ್ಟವಾಗಿ ಕಾಣುತ್ತಿತ್ತು. ಸೈಕಲ್ ಷೂಗಳನ್ನು ಕಳಚಿ ಬರಿಗಾಲಲ್ಲೇ ಓಡಾಡಿರಿ. ಮೆದುವಾದ ಆ ಕಲ್ಲಿಗೆ ಗಟ್ಟಿ ಅಟ್ಟೆಯ ಒಂದು ಗೀರೂ ಬೀಳಬಾರದು. ಮಳೆಗಾಲದಲ್ಲಿ ನದಿಯ ನೀರು ಬಂಡೆಯ ಮೇಲೆ ಬರುವುದರಿಂದ ಆಗ ಹೋಗಿ ಪ್ರಯೋಜನವಿಲ್ಲ.

ನೇತ್ರಾವಳಿಯ ಗೋಪಿನಾಥ ದೇವಸ್ಥಾನದ ಪುಷ್ಕರಣಿಯನ್ನು ಅಲ್ಲಿಯವರು ಬುಡಬುಡ್ಯಾಚಿ ತಳಿ ಎನ್ನುತ್ತಾರೆ. ನೀರಿನ ತಳದಿಂದ ಗುಳ್ಳೆಗಳು ಸಾಲುಸಾಲಾಗಿ ಎದ್ದು ಬರುತ್ತಲೇ ಇರುತ್ತವೆ. ಮೆಟ್ಟಿಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತರೆ ಪುಟ್ಟ ಮೀನುಗಳು ಬಂದು ಮುತ್ತುತ್ತವೆ.

ಎರಡನೆಯ ದಿನದ ಬೆಳಗನ್ನು ವೆರ್ಲೆಯ ಘಟ್ಟಕ್ಕೆ ಮೀಸಲಿಡಿ. ಸಾಮಾನುಗಳನ್ನೆಲ್ಲ ವಸತಿಯಲ್ಲೇ ಬಿಟ್ಟು, ನೀರು ಮತ್ತು ರಿಪೇರಿಯ ಚೀಲ ಮಾತ್ರ ಕಟ್ಟಿಕೊಂಡು ಏರಬೇಕು. ರಸ್ತೆ ಬಹಳ ಕಡಿದಾಗಿದ್ದು, ಅತಿ ಕೆಳಗಿನ ಗೇರ್ ಇಲ್ಲದ ಸೈಕಲ್ಲಿನವರು ಕೆಲವು ತಿರುವುಗಳಲ್ಲಿ ಇಳಿದು ತಳ್ಳುವುದೇ ಜಾಣತನ. ಇದು 1999ರಲ್ಲಿ ಘೋಷಿತವಾದ, ಸುಮಾರು 211 ಚದರ ಕಿ.ಮೀ. ವಿಸ್ತಾರದ ನೇತ್ರಾವಳಿ ವನ್ಯಜೀವಿ ಧಾಮ. ಇದರ ಪೂರ್ವದ ಅಂಚು ನಮ್ಮ ದಾಂಡೇಲಿ, ಅಣಶಿಯ ಕಾಡುಗಳಿಗೆ ತಾಗಿದೆ. ಕಾಡುಕೋಣ ರಸ್ತೆಯಲ್ಲಿ ನಿಂತಿದ್ದರೆ ಗಂಟೆ ಬಾರಿಸದೆ, ದೂರದಲ್ಲೇ ಇಳಿದು ನಿಂತು, ಅದು ತಾನಾಗಿ ಸರಿಯುವವರೆಗೆ ಕಾಯಿರಿ. ನಾವು ಹಾಗೆ ಕಾಯುತ್ತಾ ನಿಂತಿದ್ದಾಗ ಮೇಲಿನ ಕೊಂಬೆಗಳಲ್ಲಿ ಕೆಂದಳಿಲು ಓಡಾಡುವ ಸದ್ದು, ಕಣಿವೆಯಾಚೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಬೀಸು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿಡದೆ, ಹಿಂದಿನದು ಮುಂದಿನದು ಎಂದು ಬಿಟ್ಟುಬಿಟ್ಟು ಒತ್ತಬೇಕು. ರಿಮ್ ಕಾದರೆ ಟ್ಯೂಬ್ ಒಡೆಯುವ ಅಪಾಯವಿದೆ. ತಿರುವುಗಳಲ್ಲಿ ಉದುರಿರುವ ಜಂಬಿಟ್ಟಿಗೆಯ ಹರಳುಗಳ ಮೇಲೆ ತೆಳ್ಳನೆಯ ಟಯರ್ ಜಾರುತ್ತದೆ. 35 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟಯರ್ ಇದ್ದರೆ ನೆಮ್ಮದಿ.

ಸಾಂಗೆಯ ಕಡೆಗೆ ಮರಳುವಾಗ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹೊಸ ಟ್ಯೂಬ್ ಹಾಕಿದರೂ ಒಂದು ಕಿಲೋಮೀಟರಿನೊಳಗೆ ಮತ್ತೆ ಗಾಳಿ ಇಳಿಯಿತು. ಸಾಂಗೆಯವರೆಗೆ ತಳ್ಳಿಕೊಂಡು ಹೋದಾಗ ಸಿಕ್ಕ ಪಂಕ್ಚರ್ ಅಂಗಡಿಯವರು ಬಾಗಲಕೋಟೆಯ ಕಡೆಯವರು. ಅವರು ಟಯರಿನ ಒಳಗೆ ಹತ್ತಿಯ ಉಂಡೆಯೊಂದನ್ನು ಮೆಲ್ಲಗೆ ಎಳೆಯುತ್ತಾ ಹೋಗಿ, ಎಳೆ ಸಿಕ್ಕಿಕೊಂಡಲ್ಲಿ ನಿಲ್ಲಿಸಿ, ಕೂದಲಿನಷ್ಟು ಸಣ್ಣ ತಂತಿಯೊಂದನ್ನು ಇಕ್ಕಳದಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟರು. “ಲಾರಿ ಟಯರಿನ ತಂತಿ ಐತ್ರೀ ಸರ್ ಇದು. ತಂತಿ ಒಳಗ ಇರೂತನಕ ಎಷ್ಟು ಟ್ಯೂಬ್ ಬದ್ಲಿ ಮಾಡಿದ್ರೂ ಅಷ್ಟರೀ” ಎಂದರು. ಅಂದಿನಿಂದ ಒಂದು ಚೂರು ಹತ್ತಿ ಮತ್ತು ಸಣ್ಣ ಇಕ್ಕಳ ನನ್ನ ರಿಪೇರಿ ಚೀಲದಲ್ಲಿವೆ. ಎರಡು ಟ್ಯೂಬ್‌ಗಳ ಜೊತೆ ನೀವೂ ಅವನ್ನು ಇಟ್ಟುಕೊಳ್ಳಿ.

ಸಾಂಗೆಯ ಬಳಿ ಸಾಳಾವಲಿ ಅಣೆಕಟ್ಟಿದೆ. ಇದರ ಹಿನ್ನೀರಿನಲ್ಲಿ ಮುಳುಗಿದ ಕುರ್ಡಿ ಎಂಬ ಹಳ್ಳಿಯೇ ಹಿಂದೂಸ್ತಾನಿ ಗಾಯಕಿ ಮೋಗುಬಾಯಿ ಕುರ್ಡೀಕರರ ಊರು. ಬೇಸಿಗೆಯ ಕೊನೆಗೆ ನೀರು ಇಳಿದಾಗ ಮಾತ್ರ ಮನೆಗಳ ಅಡಿಪಾಯಗಳು ಕಾಣುತ್ತವೆ. ಮೋಗುಬಾಯಿಯವರಂತೆ ಮಲ್ಲಿಕಾರ್ಜುನ ಮನ್ಸೂರರೂ ಜೈಪುರ–ಅತ್ರೌಲಿ ಘರಾಣೆಯ ಗಾಯನ ಪರಂಪರೆಯವರಾದ್ದರಿಂದ ಧಾರವಾಡದ ನನ್ನ ಗೆಳೆಯರು ಆ ನೀರನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ಕುರ್ಡಿಯಿಂದ ಕಲ್ಲುಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದ ಪುರಾತನ ಮಹಾದೇವ ದೇವಾಲಯ ಅಣೆಕಟ್ಟಿನ ಸಮೀಪದಲ್ಲೇ ಇದೆ.

ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಪ್ರಶಸ್ತ. ಮಳೆಗಾಲದಲ್ಲಿ ಇಂಬಳಗಳ ಕಾಟವಿದ್ದರೆ, ಒಣಹವೆಯಲ್ಲಿ ಉಣ್ಣೆಗಳದ್ದು. ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಕಂಡುಬಂದಿರುವುದರಿಂದ ಈ ಕಾಡಿನಲ್ಲೂ ತರಗೆಲೆಗಳ ಮೇಲೆ ಕೂರದೆ, ಸಂಜೆ ಸ್ನಾನದ ಹೊತ್ತಿಗೆ ಮೈಯನ್ನು ಚೆನ್ನಾಗಿ ಪರೀಕ್ಷಿಸಿಕೊಳ್ಳಿ.

ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ಸಾವರ್ಡೆ–ಕುಡಚಡೆ. ಆದರೆ ಸೈಕಲ್ಲನ್ನು ಲಗೇಜ್ ಬೋಗಿಯಲ್ಲಿ ಹಾಕಿದ್ದರೆ, ರೈಲು ಹೆಚ್ಚು ಹೊತ್ತು ನಿಲ್ಲುವ ಮಡಗಾಂವ್‌ನಲ್ಲೇ ಇಳಿಸಿಕೊಳ್ಳುವುದು ಸುರಕ್ಷಿತ. ಹಾಕುವ ಮೊದಲು ಪೆಡಲ್‌ಗಳನ್ನು ಬಿಚ್ಚಿ, ಹ್ಯಾಂಡಲನ್ನು ಚಕ್ರದ ಗೆರೆಗೆ ತಿರುಗಿಸಿ, ಚೈನ್ ಇರುವ ಮಗ್ಗುಲಿಗೆ ಗೋಣಿಚೀಲ ಹೊಲಿಸಿ, ಹೆಸರು ಮತ್ತು ಇಳಿಯುವ ನಿಲ್ದಾಣವನ್ನು ಎರಡು ಕಡೆ ಬರೆದು ಕಟ್ಟಿರಿ.