ಐಸ್ ಮೇಲೆ ರಾತ್ರಿ ಉಳಿಯುವವರೇ, ಬ್ಯಾಟರಿ ನಿಮ್ಮದೇ ಇರಲಿ

ಐಸ್ ಮೇಲಿನ ಬಾಡಿಗೆ ಮನೆ ಬುಕ್ ಮಾಡುವಾಗ "ಲೈಟು, ಮೊಬೈಲ್ ಚಾರ್ಜಿಂಗ್, ಹೀಟರ್ ಎಲ್ಲಾ ಸೇರಿದೆ" ಎಂದು ಬರೆದಿತ್ತು. ರಾತ್ರಿ ಎಂಟೂವರೆಗೆ ಲೈಟು ಮಂಕಾಯಿತು. ಒಂಬತ್ತಕ್ಕೆಲ್ಲಾ ಪೂರ್ತಿ ಕತ್ತಲು. ಹೊರಗೆ ಮೈನಸ್ 24 ಡಿಗ್ರಿ. ದಡ ಮೂರು ಮೈಲಿ ದೂರ. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದಲ್ಲಿ ಐಸ್ ಫಿಶಿಂಗ್ ಮಾಡಿ, ಅಲ್ಲೇ ಒಂದು ರಾತ್ರಿ ಉಳಿಯಬೇಕು ಅಂದುಕೊಂಡವರು ಇದನ್ನು ಓದಿ ಹೊರಡಿ. ಎಲ್ಲಿ ತೂತು ಕೊರೆಯಬೇಕು, ಗಾಳಕ್ಕೆ ಯಾವ ಎರೆ ಹಾಕಬೇಕು ಅನ್ನೋದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕರೆಂಟಿನ ವಿಷಯ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಮಿಲ್ ಲ್ಯಾಕ್ಸ್ ಇರುವುದು ಮಿನ್ನಿಯಾಪೊಲಿಸ್‌ನಿಂದ ಸುಮಾರು 100 ಮೈಲಿ ಉತ್ತರಕ್ಕೆ, 169ನೇ ಹೆದ್ದಾರಿಯಲ್ಲಿ. ಇನ್ನೂರು ಚದರ ಮೈಲಿಗಿಂತ ದೊಡ್ಡ ನೀರು ಚಳಿಗಾಲದಲ್ಲಿ ಮೇಲಿನಿಂದ ಪೂರ್ತಿ ಹೆಪ್ಪುಗಟ್ಟುತ್ತದೆ. ರೆಸಾರ್ಟಿನವರು ಹಿಮ ಸರಿಸಿ ಅದರ ಮೇಲೇ ರಸ್ತೆ ಮಾಡುತ್ತಾರೆ. ಚಿಕ್ಕ ಮರದ ಮನೆಗಳನ್ನು ಎಳೆದು ತಂದು ನಿಲ್ಲಿಸುತ್ತಾರೆ. ನೆಲದಲ್ಲಿ ತೂತು ಇರುತ್ತದೆ, ಒಳಗೇ ಕೂತು ಗಾಳ ಇಳಿಬಿಡುವುದು. ಇದಕ್ಕೆ ಐಸ್ ಹೌಸ್ ಎನ್ನುತ್ತಾರೆ. ವಾಲೈ ಮತ್ತು ಪರ್ಚ್ ಮೀನಿಗೆ ಜನ ಮುಗಿಬೀಳುತ್ತಾರೆ. ವಾಲೈ ಜಾಸ್ತಿ ಕಚ್ಚುವುದು ಸೂರ್ಯ ಮುಳುಗುವ ಹೊತ್ತಿಗೆ. ಜನವರಿಯಲ್ಲಿ ಐದು ಗಂಟೆಗೆಲ್ಲಾ ಕತ್ತಲಾಗುತ್ತದೆ. ಮೀನು ಬರುವ ಹೊತ್ತೂ ಲೈಟು ಬೇಕಾಗುವ ಹೊತ್ತೂ ಒಂದೇ.

ನಮ್ಮ ಜೊತೆ ಡಲ್ಲಾಸ್‌ನಿಂದ ನನ್ನ ಭಾವ ಬಂದಿದ್ದರು. ಅವರಿಗೆ ಕರೆಂಟಿನ ಕೆಲಸ ಚೆನ್ನಾಗಿ ಗೊತ್ತು, ಚೀಲದಲ್ಲಿ ಮೀಟರ್ ಯಾವಾಗಲೂ ಇರುತ್ತದೆ. ಲೈಟು ಹೋದ ಮೇಲೆ ತಲೆಗೆ ಕಟ್ಟುವ ಟಾರ್ಚ್ ಹಾಕಿಕೊಂಡು ಬೆಂಚಿನ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ಒಂದು ಹಳೇ ಲೆಡ್ ಆಸಿಡ್ ಬ್ಯಾಟರಿ, ನೇರವಾಗಿ ನೆಲದ ಮೇಲೆ. ಟರ್ಮಿನಲ್ ಸುತ್ತ ಬಿಳಿ ಪುಡಿ ಕಟ್ಟಿತ್ತು. ಪಕ್ಕದ ಹಲಗೆಯ ಮೇಲೆ ಮಂಜು ಹರಳು ಹರಳಾಗಿ ಬೆಳೆದಿತ್ತು. ವೈರ್ ಬಿಚ್ಚಿ ಮೀಟರ್ ಹಿಡಿದರು. 11.6 ವೋಲ್ಟ್.

"ಇದು ಸತ್ತು ಹೋಗಿದೆ ಮಾರಾಯ. ತುಂಬಿದ ಬ್ಯಾಟರಿ 12.7 ತೋರಿಸಬೇಕು. ಇವರು ಇದನ್ನು ಚಾರ್ಜ್ ಮಾಡಿಯೇ ಇಲ್ಲ" ಅಂದರು.

"ದುಡ್ಡು ಕೊಟ್ಟಿದ್ದೇವಲ್ಲ ಭಾವ, ಫೋನ್ ಮಾಡೋಣ" ಎಂದು ಫೋನ್ ತೆಗೆದೆ. 31 ಪರ್ಸೆಂಟ್ ಇದ್ದದ್ದು ಕೈಯಲ್ಲೇ ಆಫ್ ಆಯಿತು. ಗೋಡೆಯ ಪ್ರೊಪೇನ್ ಹೀಟರ್‌ಗೆ ಕರೆಂಟ್ ಬೇಡವಾದ್ದರಿಂದ ಚಳಿಗೆ ಸಾಯಲಿಲ್ಲ, ಅಷ್ಟೇ. ಭಾವನ ಫೋನಿನಿಂದ ಮಾತಾಡಿದ ಮೇಲೆ ರೆಸಾರ್ಟಿನ ಮನುಷ್ಯ ಪಿಕಪ್ ಟ್ರಕ್ಕಿನಲ್ಲಿ ಬಂದ. ಬ್ಯಾಟರಿ ಬದಲಾಯಿಸುವ ಮಾತೇ ಇಲ್ಲ. ಜನರೇಟರ್ ಇದೆ, ರಾತ್ರಿಗೆ 40 ಡಾಲರ್ ಬೇರೆ ಎಂದ. ಬೇರೆ ದಾರಿ ಇರಲಿಲ್ಲ, ಕೊಟ್ಟೆವು. ಅದನ್ನು ಬಾಗಿಲ ಪಕ್ಕದಲ್ಲೇ ಇಟ್ಟು ಹೊರಟ. ಹೊಗೆ ಒಳಗೆ ನುಗ್ಗುವಂತಿತ್ತು. ನಾವಿಬ್ಬರೂ ಎತ್ತಿಕೊಂಡು ಹೋಗಿ ಗಾಳಿ ಹೋಗುವ ದಿಕ್ಕಿಗೆ, ವೈರ್ ಎಷ್ಟು ಉದ್ದ ಇತ್ತೋ ಅಷ್ಟು ದೂರ ಇಟ್ಟೆವು. ರಾತ್ರಿಯಿಡೀ ಅದರ ಗದ್ದಲ. ಐಸ್ ರಾತ್ರಿ ಗುಡುಗುತ್ತದೆ, ಕೇಳಲು ಚೆನ್ನಾಗಿರುತ್ತದೆ ಎಂದು ಎಲ್ಲರೂ ಹೇಳಿದ್ದರು. ನಮಗೆ ಒಂದೂ ಕೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಚಳಿಯಲ್ಲಿ ಬ್ಯಾಟರಿ ಖಾಲಿಯಾಗುವುದಿಲ್ಲ, ಕೊಡಲಾಗದೆ ನಿಲ್ಲುತ್ತದೆ. ಒಳಗಿನ ರಾಸಾಯನಿಕ ಕೆಲಸ ನಿಧಾನವಾಗುತ್ತದೆ, ಒಳಗಿನ ತಡೆ ಜಾಸ್ತಿಯಾಗುತ್ತದೆ. ಫೋನ್ ಸ್ವಲ್ಪ ಜಾಸ್ತಿ ಕರೆಂಟ್ ಕೇಳಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಫೋನ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅದಕ್ಕೇ 31 ಪರ್ಸೆಂಟ್‌ನಲ್ಲಿ ಸತ್ತ ಫೋನು ಅಂಗಿಯೊಳಗೆ ಅರ್ಧ ಗಂಟೆ ಇಟ್ಟರೆ ಮತ್ತೆ ಎದ್ದು ಕೂರುತ್ತದೆ. ಐಫೋನನ್ನು ಸೊನ್ನೆಯಿಂದ 35 ಡಿಗ್ರಿವರೆಗಿನ ಹವೆಯಲ್ಲಿ ಬಳಸಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಹಾಗಾಗಿ ಫೋನು ಜಾಕೆಟ್ಟಿನ ಹೊರ ಜೇಬಿನಲ್ಲಿ ಬೇಡವೇ ಬೇಡ. ಒಳ ಅಂಗಿಯ ಜೇಬು, ಮೈಗೆ ತಾಗಿಕೊಂಡಿರಲಿ. ಸರೋವರದ ಮಧ್ಯೆ ಸಿಗ್ನಲ್ ಕಮ್ಮಿ, ಸಿಗ್ನಲ್ ಹುಡುಕುತ್ತಾ ಫೋನು ಸುಮ್ನೆ ಚಾರ್ಜ್ ತಿನ್ನುತ್ತದೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್‌ನಲ್ಲಿ ಇಡಿ.

ಪವರ್ ಬ್ಯಾಂಕ್ ಇದೆಯಲ್ಲ ಎನ್ನುವವರಿಗೆ: 20,000 ಎಂಎಎಚ್ (ಅಂದರೆ 20 ಆಂಪಿಯರ್-ಅವರ್) ಎಂದು ದೊಡ್ಡದಾಗಿ ಬರೆದಿರುವುದು 3.7 ವೋಲ್ಟ್ ಲೆಕ್ಕದಲ್ಲಿ. ನಿಜವಾದ ಲೆಕ್ಕ ವಾಟ್-ಅವರ್, ಅಂದರೆ ಎಷ್ಟು ವಾಟಿನ ಉಪಕರಣ ಎಷ್ಟು ಗಂಟೆ ನಡೆಯುತ್ತದೆ ಎಂಬುದು. 20ನ್ನು 3.7ರಿಂದ ಗುಣಿಸಿದರೆ ಅದು 74. ಐದು ವೋಲ್ಟಿಗೆ ಏರಿಸುವಾಗ ಒಂದಿಷ್ಟು ಹೋಗುತ್ತದೆ. ಬೆಚ್ಚಗಿದ್ದರೆ ಫೋನನ್ನು ಮೂರು ಸಲ ತುಂಬಿಸಬಹುದು. ತಣ್ಣಗಿದ್ದರೆ ಎರಡು ಸಲ ಸಿಕ್ಕರೆ ದೊಡ್ಡದು. ಫೋನಿಗೆ ಸಾಕು, ಮನೆಯ ಲೈಟಿಗೆ ಸಾಲದು.

ಬೆಳಿಗ್ಗೆ ದಡಕ್ಕೆ ಬಂದ ಮೇಲೆ ಹೆದ್ದಾರಿ ಪಕ್ಕದ ಒಂದು ಸಣ್ಣ ಹೋಟೆಲಿಗೆ ಹೋದೆವು. ಈ ಜಾಗದ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಹತ್ತು ಹನ್ನೆರಡು ಮೇಜು, ಬಾಗಿಲ ಬಳಿ ಒದ್ದೆ ಬೂಟುಗಳ ಸಾಲು, ಕೌಂಟರ್ ಹಿಂದೆ ಒಬ್ಬ ಹಿರಿಯ ಹೆಂಗಸು. ವೈಲ್ಡ್ ರೈಸ್ ಸೂಪ್ ತಗೊಳ್ಳಿ ಎಂದರು. ಹೆಸರು ಅಕ್ಕಿ ಆದರೂ ಇದು ನಮ್ಮ ಭತ್ತ ಅಲ್ಲ. ಈ ಕಡೆಯ ಕೆರೆಗಳ ನೀರಿನಲ್ಲಿ ತಾನಾಗಿ ಬೆಳೆಯುವ ಹುಲ್ಲಿನ ಕಾಳು. ಇಲ್ಲಿನ ಮೂಲ ಜನರಾದ ಒಜಿಬ್ವೆಗಳು ದೋಣಿಯಲ್ಲಿ ಹೋಗಿ, ಕಡ್ಡಿಯಿಂದ ಮೆಲ್ಲಗೆ ಬಡಿದು ಕಾಳನ್ನು ದೋಣಿಯೊಳಗೇ ಉದುರಿಸಿಕೊಳ್ಳುತ್ತಾರೆ. ಕಪ್ಪು ಉದ್ದ ಕಾಳು ಬೆಂದು ಒಡೆದು ಒಳಗಿನ ಬಿಳಿ ಕಾಣುತ್ತಿತ್ತು. ಕೆನೆ, ಕ್ಯಾರೆಟ್, ಕೋಳಿ ಚೂರು, ಮೇಲೆ ಕಾಳುಮೆಣಸಿನ ಪುಡಿ. ಜೊತೆಗೆ ಬೆಣ್ಣೆ ಸವರಿದ ಬ್ರೆಡ್ಡು. ಎಂಟು ಡಾಲರ್‌ಗೆ ದೊಡ್ಡ ಬಟ್ಟಲು, ಮುಗಿದರೆ ಕೇಳದೆಯೇ ಇನ್ನೊಂದು ಸೌಟು. ಭಾವ ಎರಡು ಬಟ್ಟಲು ಕುಡಿದರು. ಹಿಂದಿನ ರಾತ್ರಿ ಕೊಟ್ಟ ದುಡ್ಡಿಗೆ ಹೋಲಿಸಿದರೆ ಇದು ಧರ್ಮಕ್ಕೆ ಕೊಟ್ಟ ಹಾಗೆ.

ಮೀನು ಹಿಡಿಯುವವರಿಗೆಂದೇ ಗೋಡೆಯುದ್ದಕ್ಕೂ ಸಾಕೆಟ್ ಹಾಕಿಸಿದ್ದರು. ಭಾವ ಪವರ್ ಬ್ಯಾಂಕ್ ಸಿಕ್ಕಿಸಲು ಹೋದರೆ ಆಕೆ ಬಂದು ಅದರ ಮೇಲೆ ಅಂಗೈ ಇಟ್ಟು ನೋಡಿದರು. ಇನ್ನೂ ತಣ್ಣಗಿದೆ, ಮೊದಲು ಸೂಪ್ ಕುಡಿಯಿರಿ, ಆಮೇಲೆ ಹಾಕಿ ಎಂದರು. ಆಕೆ ಹೇಳಿದ್ದು ಪಕ್ಕಾ ಸರಿ. ಪವರ್ ಬ್ಯಾಂಕಿನೊಳಗಿರುವುದು ಲಿಥಿಯಂ ಬ್ಯಾಟರಿ. ಅದನ್ನು ಸೊನ್ನೆಗಿಂತ ಕೆಳಗೆ ಬಳಸಬಹುದು, ಚಾರ್ಜ್ ಮಾಡಬಾರದು. ಚಾರ್ಜ್ ಮಾಡಿದರೆ ಲಿಥಿಯಂ ಸೆಲ್ಲಿನೊಳಗಿನ ಪದರಕ್ಕೆ ಇಳಿಯದೆ ಅದರ ಮೇಲ್ಮೈಯಲ್ಲೇ ಲೋಹವಾಗಿ ಕಟ್ಟುತ್ತದೆ. ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕಮ್ಮಿಯಾಗುತ್ತದೆ, ಒಳಗೆ ಶಾರ್ಟ್ ಆಗುವ ಅಪಾಯವೂ ಇದೆ. ಒಳ್ಳೇ ಬ್ಯಾಟರಿಗಳ ಒಳಗಿನ ಸರ್ಕ್ಯೂಟ್ ಚಳಿಯಲ್ಲಿ ಚಾರ್ಜ್ ಆಗದಂತೆ ತಡೆಯುತ್ತದೆ. ಅಗ್ಗದ್ದರಲ್ಲಿ ಆ ತಡೆ ಇರುವುದಿಲ್ಲ. ಕೊಳ್ಳುವಾಗ ಇದೊಂದನ್ನು ಕೇಳಿಯೇ ಕೊಳ್ಳಿ. ದೊಡ್ಡ ಬ್ಯಾಟರಿ ಆದರೆ ಮನೆಯೊಳಗೆ ತಂದು ಕೆಲವು ಗಂಟೆ ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ. ಹೊರಗೆ ಮುಟ್ಟಿದರೆ ಬೆಚ್ಚಗೆ ಅನ್ನಿಸಿದರೂ ಒಳಗಿನ ಸೆಲ್ ತಣ್ಣಗೇ ಇರುತ್ತದೆ.

ಮುಂದಿನ ಸಲ ಹೋಗುವಾಗ ನಮ್ಮದೇ ಬ್ಯಾಟರಿ ಒಯ್ದೆವು. 12 ವೋಲ್ಟ್, 20 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್, ಲಿಥಿಯಂ ಬ್ಯಾಟರಿಯದೇ ಒಂದು ಬಗೆ. 12 ಎಂದು ಕರೆದರೂ ಇದರ ವೋಲ್ಟೇಜ್ 12.8, ಹಾಗಾಗಿ ಸುಮಾರು 256 ವಾಟ್-ಅವರ್, ತೂಕ ಎರಡೂವರೆ ಕಿಲೋ ಆಸುಪಾಸು. ಒಂದು ರಾತ್ರಿಯ ಲೆಕ್ಕ ಹೀಗಿದೆ. ಐದೈದು ವಾಟಿನ ಎರಡು ಎಲ್‌ಇಡಿ ಪಟ್ಟಿ ಆರು ಗಂಟೆ ಉರಿದರೆ 60 ವಾಟ್-ಅವರ್. ನೀರಿನ ಕೆಳಗೆ ಮೀನು ತೋರಿಸುವ ಸೋನಾರ್ ಎಂಟು ಗಂಟೆಗೆ 40 ಹಿಡಿಯಿರಿ. ಎರಡು ಫೋನು ಒಂದೊಂದು ಸಲ ತುಂಬಲು ಇನ್ನೊಂದು 40. ಒಟ್ಟು 140. ಚಳಿಗೆಂದು ಕಾಲು ಭಾಗ ಕಳೆದರೂ ಬ್ಯಾಟರಿಯಲ್ಲಿ ಇನ್ನೂ ಉಳಿಯುತ್ತದೆ. ಸೋನಾರ್ ಜೊತೆ ಕೊಡುವ 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಇದು ಆಗದ ಮಾತು. ಅದರಲ್ಲಿರುವುದೇ 84 ವಾಟ್-ಅವರ್. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ, ಉಳಿದ ಅರ್ಧದಲ್ಲಿ ಚಳಿ ತನ್ನ ಪಾಲು ತೆಗೆದುಕೊಳ್ಳುತ್ತದೆ.

ಫೋನ್ ಚಾರ್ಜ್ ಮಾಡಲು ಇನ್ವರ್ಟರ್ ಹಾಕಬೇಡಿ. 12 ವೋಲ್ಟನ್ನು 120 ಮಾಡಿ, ಅದನ್ನು ಫೋನಿನ ಚಾರ್ಜರ್ ಮತ್ತೆ 5ಕ್ಕೆ ಇಳಿಸುವುದು ಯಾಕೆ? ಏನೂ ಸಿಕ್ಕಿಸದಿದ್ದರೂ ಇನ್ವರ್ಟರ್ ತನ್ನ ಪಾಡಿಗೆ ಕೆಲವು ವಾಟ್ ತಿನ್ನುತ್ತಲೇ ಇರುತ್ತದೆ. ಕಾರಿನಲ್ಲಿ ಹಾಕುವಂಥ 12 ವೋಲ್ಟಿನ ಯುಎಸ್‌ಬಿ ಸಾಕೆಟ್ ಸಾಕು. ವೈರ್ ವಿಷಯವೂ ಇದೆ. ಮಾಮೂಲಿ ಪ್ಲಾಸ್ಟಿಕ್ ಕೇಬಲ್ ಈ ಚಳಿಯಲ್ಲಿ ಕಡ್ಡಿಯಂತಾಗಿ, ಮಡಚಿದರೆ ಸೀಳುತ್ತದೆ. ಸಿಲಿಕೋನ್ ಹೊದಿಕೆಯದ್ದು ತನ್ನಿ.

ಬ್ಯಾಟರಿ ಎಲ್ಲಿಡುತ್ತೀರಿ ಅನ್ನೋದು ಯಾವ ಬ್ಯಾಟರಿ ಅನ್ನೋದಕ್ಕಿಂತ ಮುಖ್ಯ. ಹೀಟರ್ ಉರಿಯುವಾಗ ತಲೆಯ ಹತ್ತಿರ ಬೆವರು ಬರುವಷ್ಟು ಸೆಕೆ, ನೆಲದಲ್ಲಿ ಬಕೆಟ್ಟಿನ ನೀರು ಹೆಪ್ಪುಗಟ್ಟುತ್ತದೆ. ಬಿಸಿ ಗಾಳಿ ಮೇಲೆ, ಕೆಳಗೆ ಐಸ್. ನಾವು ಪಿಕ್ನಿಕ್‌ಗೆ ಒಯ್ಯುವ ಐಸ್ ಬಾಕ್ಸಿನೊಳಗೆ ಬ್ಯಾಟರಿ ಇಟ್ಟು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ವೈರಿಗೆ ಮುಚ್ಚಳದಲ್ಲಿ ಸಣ್ಣ ಸಂದಿ ಬಿಟ್ಟು ಬೆಂಚಿನ ಮೇಲೆ ಇಟ್ಟೆವು. ತಂಪು ಕಾಯುವ ಡಬ್ಬ ಬಿಸಿಯನ್ನೂ ಕಾಯುತ್ತದೆ, ಅಲ್ವಾ. ಬೆಳಿಗ್ಗೆವರೆಗೆ ಲೈಟು ಒಂದೇ ಸಮ ಉರಿಯಿತು. ಐಸ್ ಗುಡುಗಿದ್ದೂ ಆ ರಾತ್ರಿ ಕೇಳಿತು, ನೆಲದಡಿಯಲ್ಲಿ ದೂರದಿಂದ ಹತ್ತಿರಕ್ಕೆ ಓಡಿಬಂದಂಥ ಸದ್ದು.

ತಲೆಗೆ ಕಟ್ಟುವ ಟಾರ್ಚಿಗೆ ರೀಚಾರ್ಜ್ ಆಗದ ಲಿಥಿಯಂ ಎಎ ಸೆಲ್ ಹಾಕಿ. ಮೈನಸ್ 40ರವರೆಗೆ ಕೆಲಸ ಮಾಡುತ್ತದೆ. ಮಾಮೂಲಿ ಆಲ್ಕಲೈನ್ ಸೆಲ್ ಆ ಚಳಿಯಲ್ಲಿ ನಂಬುವಂತಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂನಲ್ಲೂ ಹೊಸ ಸೆಲ್ ಇರಲಿ, ನಿಮ್ಮದೇ ಅಲಾರಂ ಒಯ್ಯಿರಿ. ನಾವು ಉಳಿದ ಮನೆಯ ಗೋಡೆಯಲ್ಲಿದ್ದ ಅಲಾರಂನ ಬಟನ್ ಒತ್ತಿದರೆ ಸದ್ದೇ ಬರಲಿಲ್ಲ. ಮುಚ್ಚಿದ ಸಣ್ಣ ಮನೆ, ಗ್ಯಾಸ್ ಹೀಟರ್, ನಿದ್ದೆ. ಕಾರ್ಬನ್ ಮೊನಾಕ್ಸೈಡ್ ಅಂದರೆ ವಾಸನೆಯಿಲ್ಲದ ವಿಷದ ಗಾಳಿ. ಈ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ.

ವಿಮಾನದಲ್ಲಿ ಬರುವವರು ಗಮನಿಸಿ. 100 ವಾಟ್-ಅವರ್‌ವರೆಗಿನ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಒಯ್ಯಬಹುದು. 100ರಿಂದ 160ರವರೆಗೆ ಏರ್‌ಲೈನಿನ ಒಪ್ಪಿಗೆ ಬೇಕು. ನಮ್ಮ 256ರ ಬ್ಯಾಟರಿಯಂಥದ್ದು ವಿಮಾನ ಹತ್ತುವ ಹಾಗಿಲ್ಲ. ಮಿನ್ನಿಯಾಪೊಲಿಸ್‌ನಲ್ಲಿ ಪರಿಚಯದವರು ಇದ್ದರೆ ಮೊದಲೇ ಕೇಳಿಟ್ಟುಕೊಳ್ಳಿ. ಹೊರರಾಜ್ಯದವರಿಗೆ 24 ಗಂಟೆಯ ಮೀನಿನ ಲೈಸೆನ್ಸ್ ಸಿಗುತ್ತದೆ, ಅದು ದೊಡ್ಡ ತಲೆನೋವಲ್ಲ.

ಶನಿವಾರ ಭಾನುವಾರ ಹೋಗಬೇಡಿ ಎಂದೇ ನನ್ನ ಸಲಹೆ. ಐಸ್ ಮೇಲೆ ಊರಿಗೆ ಊರೇ ಬಂದಿರುತ್ತದೆ, ನಾಲ್ಕೂ ಕಡೆ ಜನರೇಟರ್. ಮಂಗಳವಾರ, ಬುಧವಾರ ಬಾಡಿಗೆಯೂ ಕಮ್ಮಿ, ಸದ್ದೂ ಕಮ್ಮಿ. ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿ: ಬ್ಯಾಟರಿ ಎಷ್ಟು ಆಂಪಿಯರ್-ಅವರ್, ಯಾವ ವರ್ಷದ್ದು, ನಾವು ಬರುವ ದಿನ ಚಾರ್ಜ್ ಮಾಡಿರುತ್ತೀರಾ, ಕೆಟ್ಟರೆ ಜನರೇಟರಿಗೆ ಬೇರೆ ದುಡ್ಡು ಕೇಳುತ್ತೀರಾ? ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಕಾರಿಗೆ ಜಂಪ್ ಸ್ಟಾರ್ಟರ್ (ಬ್ಯಾಟರಿ ಇಳಿದ ಕಾರನ್ನು ಸ್ಟಾರ್ಟ್ ಮಾಡುವ ಸಾಧನ) ಇದ್ದರೆ ಅದನ್ನು ಕಾರಿನಲ್ಲೇ ಬಿಟ್ಟು ಮಲಗಬೇಡಿ. ಅದರೊಳಗಿರುವುದೂ ಲಿಥಿಯಂ ಬ್ಯಾಟರಿಯೇ. ರಾತ್ರಿ ಒಳಗೆ ತಂದು ಆ ಐಸ್ ಬಾಕ್ಸಿನಲ್ಲೇ ಇಡಿ.